ಡಾಕ್ಟರ್, ಅಂಕಣಕಾರ, ಪ್ರಧಾನಿ: ಜಾರ್ಜ್ ಕ್ಲೆಮೆನ್ಸೊ ಬಗ್ಗೆ ಚಿಕ್ಕಮಗಳೂರಿನಲ್ಲಿ ಪದೇ ಪದೇ ಕೇಳುವ ಪ್ರಶ್ನೆಗಳು

ಚಿಕ್ಕಮಗಳೂರಿನ ಕಾಲೇಜುಗಳಲ್ಲಿ, ಓದುಗರ ಕೂಟಗಳಲ್ಲಿ ನಾನು ಕ್ಲೆಮೆನ್ಸೊ ಬಗ್ಗೆ ಮಾತಾಡುತ್ತಾ ಬಂದಿದ್ದೇನೆ. ನನ್ನದೂ ಡಾಕ್ಟರ್ ಕೆಲಸವೇ. ಮಾತು ಮುಗಿದ ಮೇಲೆ ಬರುವ ಪ್ರಶ್ನೆಗಳು ಹೆಚ್ಚೂ ಕಡಿಮೆ ಒಂದೇ ತರಹ ಇರುತ್ತವೆ. ಕೆಲವಕ್ಕೆ ಎರಡು ಸಾಲಿನ ಉತ್ತರ ಸಾಕು. ಕೆಲವಕ್ಕೆ ಸಭೆಯಲ್ಲಿ ಸಮಯವೇ ಸಾಕಾಗುವುದಿಲ್ಲ. ಅದಕ್ಕೇ ಇಲ್ಲಿ ಬರೆದಿಟ್ಟಿದ್ದೇನೆ.

ಯಾರು ಈ ಕ್ಲೆಮೆನ್ಸೊ?

ಇತಿಹಾಸದ ಪಠ್ಯದಲ್ಲಿ ಒಂದು ಸಾಲಿನಲ್ಲಿ ಬಂದುಹೋಗುವ ಹೆಸರು. ಮೊದಲ ಮಹಾಯುದ್ಧ ಮುಗಿದಾಗ ಫ್ರಾನ್ಸಿನ ಪ್ರಧಾನಿ ಆಗಿದ್ದವರು. 1919ರ ಜೂನ್ 28ರಂದು ವರ್ಸೇಲ್ಸ್ ಒಪ್ಪಂದಕ್ಕೆ ಸಹಿ ಹಾಕಿದವರು. ಪುಸ್ತಕದಲ್ಲಿ ಅಷ್ಟೇ ಇರುತ್ತದೆ. ಅವರು ಓದಿದ್ದು ವೈದ್ಯಕೀಯ, ಬಡವರ ಪೇಟೆಯಲ್ಲಿ ರೋಗಿಗಳನ್ನು ನೋಡಿದವರು, ಚುನಾವಣೆ ಸೋತು ವರ್ಷಗಟ್ಟಲೆ ಪತ್ರಿಕೆಗೆ ಬರೆದೇ ಬದುಕಿದವರು ಅನ್ನುವುದು ಎಷ್ಟೋ ಜನರಿಗೆ ಗೊತ್ತಿಲ್ಲ. ನನಗೆ ಆ ಭಾಗವೇ ಮುಖ್ಯ.

ನಿಜವಾಗಲೂ ಡಾಕ್ಟರಾ? ಬರೀ ಡಿಗ್ರಿ ತಗೊಂಡಿದ್ರಾ?

ನಿಜವಾದ ಡಾಕ್ಟರೇ. ಹುಟ್ಟಿದ್ದು 1841ರ ಸೆಪ್ಟೆಂಬರ್ 28ರಂದು, ಪಶ್ಚಿಮ ಫ್ರಾನ್ಸಿನ ವಾಂದೇ ಸೀಮೆಯ ಒಂದು ಹಳ್ಳಿಯಲ್ಲಿ. ಅಪ್ಪನೂ ವೈದ್ಯಕೀಯ ಓದಿದವರೇ. ಆದರೆ ಜಮೀನಿನ ಆದಾಯ ಇದ್ದುದರಿಂದ ಅಪ್ಪ ಹೆಚ್ಚು ಪ್ರಾಕ್ಟೀಸ್ ಮಾಡಲಿಲ್ಲ. ಮನೆಯಲ್ಲಿ ರಾಜಕೀಯದ ಮಾತು ಜೋರು. ಅಪ್ಪ ರಾಜಪ್ರಭುತ್ವದ ಕಡು ವಿರೋಧಿ. 1858ರಲ್ಲಿ ಅವರನ್ನು ಪೊಲೀಸರು ಹಿಡಿದುಕೊಂಡು ಹೋಗಿದ್ದರು. ಹದಿನಾರು ಹದಿನೇಳರ ಹುಡುಗ ಅದನ್ನು ಕಣ್ಣಾರೆ ಕಂಡ.

ಮಗ ಮೊದಲು ನಾಂತ್ ಪಟ್ಟಣದಲ್ಲಿ, 1861ರಿಂದ ಪ್ಯಾರಿಸಿನಲ್ಲಿ ವೈದ್ಯಕೀಯ ಓದಿದರು. ಓದುತ್ತಲೇ ಗೆಳೆಯರ ಜೊತೆ ಸೇರಿ ಒಂದು ಪತ್ರಿಕೆ ಶುರು ಮಾಡಿದರು. 1848ರ ಕ್ರಾಂತಿಯ ನೆನಪಿಗೆ ಮೆರವಣಿಗೆ ಮಾಡೋಣ ಬನ್ನಿ ಅಂತ ಗೋಡೆಗೆ ಪೋಸ್ಟರ್ ಅಂಟಿಸಿದ್ದಕ್ಕೆ 1862ರಲ್ಲಿ ಎರಡು ತಿಂಗಳಿಗೂ ಜಾಸ್ತಿ ಜೈಲಿನಲ್ಲಿದ್ದರು. ಆಮೇಲೆ 1865ರಲ್ಲಿ ಪ್ರಬಂಧ ಒಪ್ಪಿಸಿ ಡಾಕ್ಟರ್ ಆದರು.

ಆ ಪ್ರಬಂಧದ ಬಗ್ಗೆ ವೈದ್ಯ ವಿದ್ಯಾರ್ಥಿಗಳಿಗೆ ಒಂದು ಮಾತು. ಜೀವ ತಾನಾಗಿಯೇ ಹುಟ್ಟಬಲ್ಲದು ಅನ್ನುವ ಹಳೆಯ ವಾದದ ಕಡೆಗೆ ಅದು ವಾಲಿತ್ತು. ಪಾಶ್ಚರ್ ಅವರ ಪ್ರಯೋಗಗಳು ಆಗಲೇ ಆ ವಾದವನ್ನು ಅಲುಗಾಡಿಸಿದ್ದವು. ಅಂದರೆ ವಿಜ್ಞಾನಿಯಾಗಿ ಕ್ಲೆಮೆನ್ಸೊ ತಪ್ಪು ಕಡೆ ನಿಂತಿದ್ದರು. ರೋಗಿಯ ಹತ್ತಿರ ನಿಂತಾಗ ಅವರ ಕಣ್ಣು ಚೆನ್ನಾಗಿ ಕೆಲಸ ಮಾಡುತ್ತಿತ್ತು.

ಡಾಕ್ಟರ್ ಆದ ತಕ್ಷಣ ಅಮೆರಿಕಕ್ಕೆ ಹೋದದ್ದು ಯಾಕೆ?

ಫ್ರಾನ್ಸಿನಲ್ಲಿ ಆಗ ಮೂರನೇ ನೆಪೋಲಿಯನ್ ಆಳ್ವಿಕೆ. ಬಾಯಿ ಬಿಟ್ಟರೆ ಜೈಲು. ಅಮೆರಿಕದಲ್ಲಿ ಅಂತರ್ಯುದ್ಧ ಮುಗಿದು ಗುಲಾಮಗಿರಿ ತೊಲಗಿತ್ತು. ರಾಜನಿಲ್ಲದ ದೇಶ ಹೇಗೆ ನಡೆಯುತ್ತದೆ ಅಂತ ನೋಡುವ ಆಸೆ ಅವರಿಗೆ. 1865ರಿಂದ 1869ರವರೆಗೆ ಅಲ್ಲಿದ್ದರು. ಬಿಡುಗಡೆಯಾದ ಕಪ್ಪು ಜನರ ಹಕ್ಕು, ಅಮೆರಿಕದ ಸಂಸತ್ತಿನ ಜಗಳ ಇವನ್ನೆಲ್ಲ ಪ್ಯಾರಿಸಿನ 'ಲ ತಾಂ' ಪತ್ರಿಕೆಗೆ ವರದಿ ಮಾಡಿದರು. ಹೊಟ್ಟೆಪಾಡಿಗೆ ಕನೆಟಿಕಟ್ ರಾಜ್ಯದ ಸ್ಟ್ಯಾಮ್‌ಫರ್ಡ್ ಊರಿನ ಹೆಣ್ಣುಮಕ್ಕಳ ಶಾಲೆಯಲ್ಲಿ ಫ್ರೆಂಚ್ ಭಾಷೆ ಮತ್ತು ಕುದುರೆ ಸವಾರಿ ಕಲಿಸಿದರು. ಅಲ್ಲಿನ ವಿದ್ಯಾರ್ಥಿನಿ ಮೇರಿ ಪ್ಲಮ್ಮರ್ ಅವರನ್ನು 1869ರಲ್ಲಿ ಮದುವೆಯಾದರು.

ಆ ಮದುವೆ ಏನಾಯಿತು?

ಕೆಟ್ಟದಾಗಿ ಮುಗಿಯಿತು. ಮೂರು ಮಕ್ಕಳಾದರು. ಕ್ಲೆಮೆನ್ಸೊ ಸ್ವತಃ ಬೇರೆ ಹೆಂಗಸರ ಸಹವಾಸದಲ್ಲಿದ್ದವರು. ಆದರೂ ಹೆಂಡತಿಗೆ ಇನ್ನೊಬ್ಬರ ಜೊತೆ ಸಂಬಂಧ ಇದೆ ಅಂತ ಗೊತ್ತಾದಾಗ ಕಾನೂನಿನ ಬಲದಿಂದ ಆಕೆಯನ್ನು ಜೈಲಿಗೆ ಕಳಿಸಿದರು, ವಿಚ್ಛೇದನ ತೆಗೆದುಕೊಂಡರು, ಅಮೆರಿಕಕ್ಕೆ ವಾಪಸು ಹಡಗು ಹತ್ತಿಸಿದರು. ಇದಕ್ಕೆ ಕ್ಷಮೆ ಇಲ್ಲ ಅಂತ ನನ್ನ ಅಭಿಪ್ರಾಯ. ಕಾಲ ಹಾಗಿತ್ತು ಅಂತ ಕೆಲವರು ಹೇಳುತ್ತಾರೆ. ಆದರೆ ಬೇರೆ ಎಲ್ಲ ವಿಷಯದಲ್ಲೂ ಕಾಲವನ್ನು ಎದುರಿಸಿ ನಿಂತ ಮನುಷ್ಯ ಇವರು. ಮನೆಯೊಳಗೆ ಮಾತ್ರ ಕಾಲದ ಹಿಂದೆ ಅಡಗಿಕೊಂಡರು.

ರೋಗಿಗಳನ್ನು ಎಲ್ಲಿ ನೋಡುತ್ತಿದ್ದರು?

ಸ್ವಲ್ಪ ದಿನ ವಾಂದೇ ಹಳ್ಳಿಗಳಲ್ಲಿ. ಆಮೇಲೆ ಪ್ಯಾರಿಸಿನ ಮೋಮಾರ್ತ್ ಗುಡ್ಡದ ಪೇಟೆಯಲ್ಲಿ. ಇವತ್ತು ಅದು ಪ್ರವಾಸಿಗರು ಫೋಟೊ ತೆಗೆಯುವ ಜಾಗ. ಆಗ ಕೂಲಿಕಾರರು, ಬಟ್ಟೆ ಒಗೆಯುವವರು ತುಂಬಿದ್ದ ಬಡ ಪೇಟೆ. ಅಲ್ಲಿ ಬಡವರಿಗೆ ಹಣ ತೆಗೆದುಕೊಳ್ಳದೆ ನೋಡುತ್ತಿದ್ದರು.

ಒಂದು ಕಥೆಯನ್ನು ಎಲ್ಲರೂ ಹೇಳುತ್ತಾರೆ. ದವಾಖಾನೆಯೂ ಅದೇ ಕೋಣೆ, ರಾಜಕೀಯದ ಅಹವಾಲು ಕೇಳುವುದೂ ಅದೇ ಕೋಣೆ. ಒಬ್ಬ ಒಳಗೆ ಬಂದ. ಕ್ಲೆಮೆನ್ಸೊ ತಲೆ ಎತ್ತದೆ "ಬಟ್ಟೆ ಬಿಚ್ಚಿ" ಅಂದರು. ಇನ್ನೊಬ್ಬ ಬಂದ, ಅವನಿಗೂ ಅದೇ ಮಾತು. ಮೂರನೆಯವನೂ ಬಿಚ್ಚಿ ನಿಂತ. ಏನಪ್ಪಾ ಕಾಯಿಲೆ ಅಂದರೆ, ಕಾಯಿಲೆ ಏನೂ ಇಲ್ಲ, ಅಂಚೆ ಇಲಾಖೆಯಲ್ಲಿ ಕೆಲಸಕ್ಕೆ ನಿಮ್ಮ ಶಿಫಾರಸು ಬೇಕಿತ್ತು ಅಂದನಂತೆ. ಎಷ್ಟು ನಿಜವೋ, ಹೇಳುವವರು ಸೇರಿಸಿದ್ದು ಎಷ್ಟೋ. ಬೆಳಗ್ಗೆ ಶಾಸಕರ ಮನೆ ಅಂಗಳದಲ್ಲಿ ಅರ್ಜಿ ಹಿಡಿದು ನಿಂತವರನ್ನು ಕಂಡ ನಮಗೆ ಆ ಮೂರನೆಯವನ ಕಷ್ಟ ಚೆನ್ನಾಗಿ ಅರ್ಥವಾಗುತ್ತದೆ, ಅಲ್ವಾ?

ರಾಜಕೀಯಕ್ಕೆ ಹೇಗೆ ಬಂದರು?

ಯುದ್ಧ ತಂದು ಬಿಟ್ಟಿತು. 1870ರ ಸೆಪ್ಟೆಂಬರಿನಲ್ಲಿ ಫ್ರಾನ್ಸ್ ಜರ್ಮನ್ನರ ಎದುರು ಸೋತಿತು. ಸಾಮ್ರಾಟ ಸೆರೆಯಾದ. ಪ್ಯಾರಿಸಿನಲ್ಲಿ ಗಣರಾಜ್ಯ ಘೋಷಣೆಯಾಯಿತು. 28 ತುಂಬಿದ್ದ ಕ್ಲೆಮೆನ್ಸೊ ಮೋಮಾರ್ತ್ ಭಾಗದ ಮೇಯರ್ ಆದರು. ಜರ್ಮನ್ ಸೈನ್ಯ ನಗರವನ್ನು ಸುತ್ತುವರಿದಿತ್ತು. ಊಟ, ಸೌದೆ, ಔಷಧಿ ಎಲ್ಲದಕ್ಕೂ ಪರದಾಟ.

1871ರ ಮಾರ್ಚ್ 18ರ ದಿನವನ್ನು ಸ್ವಲ್ಪ ವಿವರವಾಗಿ ಹೇಳಬೇಕು. ಮೋಮಾರ್ತ್ ಗುಡ್ಡದ ಮೇಲೆ ಜನರ ಕಾವಲು ಪಡೆ ಫಿರಂಗಿಗಳನ್ನು ಇಟ್ಟುಕೊಂಡಿತ್ತು. ನಸುಕಿನಲ್ಲಿ ಸರ್ಕಾರದ ಸೈನ್ಯ ಅವನ್ನು ಎಳೆದೊಯ್ಯಲು ಬಂತು. ಗುಂಡು ಹಾರಿ ಕಾವಲಿನವನೊಬ್ಬ ಗಾಯಗೊಂಡು ಬಿದ್ದ. ಮೇಯರ್ ಕ್ಲೆಮೆನ್ಸೊ ಡಾಕ್ಟರಾಗಿ ಅವನ ಹತ್ತಿರ ಹೋದರು. ಆಸ್ಪತ್ರೆಗೆ ಸಾಗಿಸಲು ಬಿಡಿ ಅಂತ ಸೇನಾಧಿಕಾರಿ ಲೆಕೋಂತ್ ಅವರನ್ನು ಕೇಳಿದರು. ಅವರು ಒಪ್ಪಲಿಲ್ಲ. ಫಿರಂಗಿ ಎಳೆಯಲು ಕುದುರೆ ಬರುವುದು ತಡವಾಯಿತು. ಅಷ್ಟರಲ್ಲಿ ಜನ ಸೇರಿದರು. ಸೈನಿಕರೇ ಜನರ ಕಡೆ ಸೇರಿಕೊಂಡರು. ಸಂಜೆ ಹೊತ್ತಿಗೆ ಗುಂಪು ಲೆಕೋಂತ್ ಅವರನ್ನೂ ಇನ್ನೊಬ್ಬ ಜನರಲ್ ಅವರನ್ನೂ ಗುಂಡಿಟ್ಟು ಕೊಂದಿತು. ಅವರನ್ನು ಉಳಿಸಲು ಕ್ಲೆಮೆನ್ಸೊ ಓಡಿ ಬಂದಾಗ ಹೊತ್ತು ಮೀರಿತ್ತು.

ಅಲ್ಲಿಂದ ಪ್ಯಾರಿಸ್ ನಗರವೇ ಸರ್ಕಾರದ ವಿರುದ್ಧ ಬಂಡಾಯ ಎದ್ದಿತು. ಎರಡೂ ಕಡೆಯವರು ಕ್ಲೆಮೆನ್ಸೊ ಅವರನ್ನು ಬೈದರು. ಬಂಡಾಯಗಾರರಿಗೆ ಇವರು ಸರ್ಕಾರದವರು. ಸರ್ಕಾರಕ್ಕೆ ಇವರು ಬಂಡಾಯಗಾರರು. ಸಂಧಾನಕ್ಕೆ ಓಡಾಡಿದವರ ಗತಿ ಎಷ್ಟೋ ಸಲ ಹೀಗೇ ಆಗುತ್ತದೆ. 1876ರಲ್ಲಿ ಸಂಸತ್ತಿಗೆ ಆರಿಸಿ ಬಂದ ಕೂಡಲೇ ಅವರು ಕೇಳಿದ್ದು, ಆ ಬಂಡಾಯದಲ್ಲಿ ಗಡೀಪಾರಾದವರಿಗೆ ಕ್ಷಮಾದಾನ. ಅದು ಪೂರ್ತಿ ಸಿಕ್ಕಿದ್ದು 1880ರಲ್ಲಿ.

ಭಾರತದಂಥ ವಸಾಹತು ದೇಶಗಳ ಬಗ್ಗೆ ಅವರ ನಿಲುವು ಏನು?

ಈ ಪ್ರಶ್ನೆಯನ್ನು ಪಿಯುಸಿ ಮಕ್ಕಳೇ ಹೆಚ್ಚು ಕೇಳುತ್ತಾರೆ. ಸರಿಯಾದ ಪ್ರಶ್ನೆ.

1885ರ ಜುಲೈನಲ್ಲಿ ಜೂಲ್ ಫೆರಿ ಅನ್ನುವ ನಾಯಕರು ಫ್ರಾನ್ಸಿನ ಸಂಸತ್ತಿನಲ್ಲಿ ಒಂದು ಭಾಷಣ ಮಾಡಿದರು. ಮೇಲಿನ ಜನಾಂಗಗಳಿಗೆ ಕೆಳಗಿನ ಜನಾಂಗಗಳನ್ನು ನಾಗರಿಕರನ್ನಾಗಿ ಮಾಡುವ ಕರ್ತವ್ಯ ಇದೆ, ಹಾಗಾಗಿ ಹಕ್ಕೂ ಇದೆ ಅನ್ನುವುದು ಅವರ ವಾದ. ಎರಡು ದಿನದ ನಂತರ ಕ್ಲೆಮೆನ್ಸೊ ಎದ್ದು ನಿಂತರು. ಅವರ ಮಾತಿನ ಸಾರ ಇದು: ಜರ್ಮನ್ ಪಂಡಿತರು ಫ್ರೆಂಚರು ಕೀಳು ಜನಾಂಗ, ಅದಕ್ಕೇ ಯುದ್ಧದಲ್ಲಿ ಸೋತರು ಅಂತ ವಿಜ್ಞಾನದ ಹೆಸರಲ್ಲಿ ಹೇಳಿದ್ದನ್ನು ಕೇಳಿದ್ದೇನೆ. ಅವತ್ತಿನಿಂದ ಯಾವ ಮನುಷ್ಯನನ್ನೇ ಆಗಲಿ, ಯಾವ ನಾಗರಿಕತೆಯನ್ನೇ ಆಗಲಿ ಕೀಳು ಅನ್ನುವ ಮೊದಲು ಎರಡು ಸಲ ಯೋಚಿಸುತ್ತೇನೆ. ಅದೇ ಭಾಷಣದಲ್ಲಿ ಹಿಂದೂಗಳನ್ನು, ಚೀನೀಯರನ್ನು ಕೀಳು ಅನ್ನುತ್ತೀರಾ ಅಂತಲೂ ಕೇಳಿದರು. 1885 ಅಂದರೆ ನಮ್ಮಲ್ಲಿ ಕಾಂಗ್ರೆಸ್ ಹುಟ್ಟಿದ ವರ್ಷ.

ಇದನ್ನು ಓದಿದಾಗ ನನಗೆ ಹೆಮ್ಮೆ ಆಗುತ್ತದೆ. ಆದರೆ ಪೂರ್ತಿ ಹೇಳಬೇಕು. ಪ್ರಧಾನಿಯಾದಾಗ ಅವರು ವಸಾಹತುಗಳನ್ನು ಬಿಟ್ಟುಕೊಡಲಿಲ್ಲ. ಮೊರಾಕ್ಕೊಗೆ ಸೈನ್ಯ ಹೋದದ್ದು ಅವರ ಕಾಲದಲ್ಲೇ.

ಪತ್ರಿಕೆಗೆ ಬರೆಯಲು ಶುರು ಮಾಡಿದ್ದು ಯಾವಾಗ?

1880ರಲ್ಲೇ 'ಲಾ ಜಸ್ತೀಸ್' ಅನ್ನುವ ಪತ್ರಿಕೆ ಸ್ಥಾಪಿಸಿದ್ದರು. ಆದರೆ ಅದರಲ್ಲಿ ಅವರು ಬರೆದದ್ದು ಕಡಿಮೆ. ಅವರ ಶಕ್ತಿ ಇದ್ದದ್ದು ಮಾತಿನಲ್ಲಿ. ಸಂಸತ್ತಿನಲ್ಲಿ ಮಾತಾಡಿ ಮಂತ್ರಿಮಂಡಲಗಳನ್ನೇ ಉರುಳಿಸುತ್ತಿದ್ದರು. 'ಹುಲಿ' ಅಂತ ಹೆಸರು ಬಿದ್ದದ್ದು ಆ ಹೋರಾಟದ ಸ್ವಭಾವಕ್ಕೆ.

1892ರಲ್ಲಿ ಪನಾಮಾ ಕಾಲುವೆ ಕಂಪನಿಯ ಹಗರಣ ಹೊರಬಂತು. ಸಾವಿರಾರು ಸಣ್ಣ ಉಳಿತಾಯಗಾರರ ದುಡ್ಡು ಮುಳುಗಿತ್ತು. ಸಂಸದರಿಗೆ ಲಂಚ ಹೋಗಿತ್ತು. ಆ ಜಾಲದಲ್ಲಿದ್ದ ಕಾರ್ನೆಲಿಯಸ್ ಹರ್ಜ್ ಅನ್ನುವವರು ಹಿಂದೆ ಕ್ಲೆಮೆನ್ಸೊ ಪತ್ರಿಕೆಗೆ ದುಡ್ಡು ಹಾಕಿದ್ದರು. ಅಷ್ಟು ಸಾಕಾಯಿತು. ಸಂಸತ್ತಿನಲ್ಲಿ ದೆರೂಲೆದ್ ಅನ್ನುವ ಸದಸ್ಯರು ಇವರ ಮೇಲೆ ನೇರವಾಗಿ ಆರೋಪ ಹೊರಿಸಿದರು. ಇಬ್ಬರೂ ಪಿಸ್ತೂಲು ಹಿಡಿದು ಎದುರುಬದುರು ನಿಂತು ಗುಂಡು ಹಾರಿಸಿಕೊಂಡರು. ಯಾರಿಗೂ ತಗುಲಲಿಲ್ಲ. ಮುಂದೆ, ಇವರು ಬ್ರಿಟಿಷರಿಂದ ಸಂಬಳ ತಗೊಳ್ಳುವ ಏಜೆಂಟ್ ಅಂತ ಸುಳ್ಳು ದಾಖಲೆ ತಂದರು. ಅದು ನಕಲಿ ಅಂತ ಬಯಲಾಯಿತು. ಆದರೂ 1893ರ ಚುನಾವಣಾ ಸಭೆಗಳಲ್ಲಿ ಜನ "ಓ ಯೆಸ್, ಓ ಯೆಸ್" ಅಂತ ಇಂಗ್ಲಿಷಿನಲ್ಲಿ ಕೂಗಿ ಅವರ ಮಾತು ಕೇಳಿಸದ ಹಾಗೆ ಮಾಡಿದರು. ಸೋತರು.

ವಯಸ್ಸು 50 ದಾಟಿತ್ತು. ಸಾಲ ಇತ್ತು. ಸಂಸತ್ತು ಹೋಯಿತು, ಹೆಂಡತಿ ಇಲ್ಲ, ದವಾಖಾನೆ ಬಿಟ್ಟು ವರ್ಷಗಳೇ ಆಗಿದ್ದವು. ಆಗ ಪೆನ್ನು ಹಿಡಿದರು. ದಿನಾ ಬರೆದರು. ತಮ್ಮ ಪತ್ರಿಕೆಗೆ, ತುಲೂಸ್ ಊರಿನ ಪತ್ರಿಕೆಗೆ, ಕೇಳಿದವರಿಗೆಲ್ಲ ಬರೆದರು.

ಅಂಕಣಗಳಲ್ಲಿ ಏನು ಬರೆಯುತ್ತಿದ್ದರು? ಬರೀ ರಾಜಕೀಯವಾ?

ಅಲ್ಲವೇ ಅಲ್ಲ. ಗಣಿ ಕೂಲಿಗಳ ಬಗ್ಗೆ, ಭಿಕ್ಷುಕರ ಬಗ್ಗೆ, ಹಳ್ಳಿಯ ಪಾದ್ರಿಗಳ ಬಗ್ಗೆ, ಚಿತ್ರಕಲೆಯ ಬಗ್ಗೆ ಬರೆದರು. 1894ರ ಮೇ ತಿಂಗಳಲ್ಲಿ ಎಮಿಲ್ ಆಂರಿ ಅನ್ನುವ ಯುವಕನ ತಲೆ ಕಡಿದರು. ಆತ ಬಾಂಬ್ ಹಾಕಿ ಜನರನ್ನು ಕೊಂದವನು. ಕ್ಲೆಮೆನ್ಸೊ ಆ ಬೆಳಗಿನ ಜಾವ ಗಿಲೊಟಿನ್ ಹತ್ತಿರ ನಿಂತು ನೋಡಿದರು. ಆತನ ಮುಖದ ಬಣ್ಣ, ನಡೆಯುವ ರೀತಿ, ಕಟ್ಟಿದ ಕೈ ಎಲ್ಲವನ್ನೂ ಗಮನಿಸಿ ಬರೆದರು. ಮಾಡಿದ ಅಪರಾಧವನ್ನು ಅವರು ಸಣ್ಣದು ಮಾಡಲಿಲ್ಲ. ಆದರೆ ಕಾನೂನಿನ ಹೆಸರಿನಲ್ಲಿ ಕೊಲ್ಲುವುದು ಹೇಗೆ ಕಾಣುತ್ತದೆ ಅಂತ ತೋರಿಸಿದರು. ಮರಣದಂಡನೆ ಬೇಡ ಅನ್ನುವ ವಾದ ಅದರೊಳಗಿಂದಲೇ ಬಂತು.

ಡಾಕ್ಟರ್ ಆಗಿದ್ದಕ್ಕೆ ಬಂದ ಬರವಣಿಗೆ ಇದು ಅಂತ ನನಗೆ ಅನಿಸುತ್ತದೆ. ನಮಗೆ ಕಲಿಸುವ ಮೊದಲ ಪಾಠವೇ ಅದು: ಮುಟ್ಟುವ ಮೊದಲು ನೋಡು, ರೋಗದ ಹೆಸರು ಹೇಳುವ ಮೊದಲು ಕಂಡದ್ದನ್ನು ಹೇಳು.

ಡ್ರೇಫಸ್ ಪ್ರಕರಣದಲ್ಲಿ ಅವರ ಪಾತ್ರ ಏನು?

ಆಲ್‌ಫ್ರೆಡ್ ಡ್ರೇಫಸ್ ಫ್ರೆಂಚ್ ಸೈನ್ಯದ ಯಹೂದಿ ಕ್ಯಾಪ್ಟನ್. ಜರ್ಮನ್ನರಿಗೆ ಗುಟ್ಟು ಮಾರಿದ ಅಂತ 1894ರ ಕೊನೆಯಲ್ಲಿ ಶಿಕ್ಷೆಯಾಯಿತು. ಡೆವಿಲ್ಸ್ ಐಲ್ಯಾಂಡ್ ಅನ್ನುವ ದ್ವೀಪಕ್ಕೆ ಕಳಿಸಿದರು. ಆಗ ಕ್ಲೆಮೆನ್ಸೊ ಏನು ಬರೆದರು ಗೊತ್ತಾ? ಅಧಿಕಾರಿಯ ಮೇಲೆ ಕೈ ಎತ್ತಿದ ಬಡ ಸಿಪಾಯಿಯನ್ನು ಕೊಲ್ಲುತ್ತೀರಿ, ದೇಶ ಮಾರಿದವನಿಗೆ ಬರೀ ಜೀವಾವಧಿಯಾ ಅಂತ. ಎಲ್ಲರ ಹಾಗೆ ಇವರೂ ನಂಬಿದ್ದರು.

1897ರಲ್ಲಿ ಕೆಲವರು ಬಂದು ಸಾಕ್ಷಿಯ ಹುಳುಕುಗಳನ್ನು ತೋರಿಸಿದರು. ಕಾನೂನು ಮೀರಿ ವಿಚಾರಣೆ ನಡೆದಿದೆ ಅನ್ನುವುದು ಅವರಿಗೆ ಮೊದಲು ಹಿಡಿಸಿತು. ಡ್ರೇಫಸ್ ನಿರಪರಾಧಿ ಅನ್ನುವ ನಂಬಿಕೆ ಆಮೇಲೆ ಬಂತು. ಆಗ ಅವರು 'ಲೊರೋರ್' ಅನ್ನುವ ಹೊಸ ಪತ್ರಿಕೆಗೆ ಬರೆಯುತ್ತಿದ್ದರು. ಕಾದಂಬರಿಕಾರ ಎಮಿಲ್ ಜೋಲಾ ಫ್ರಾನ್ಸಿನ ಅಧ್ಯಕ್ಷರಿಗೆ ಬರೆದ ಬಹಿರಂಗ ಪತ್ರ 1898ರ ಜನವರಿ 13ರಂದು ಆ ಪತ್ರಿಕೆಯ ಮುಖಪುಟದಲ್ಲಿ ಬಂತು. 'ನಾನು ಆರೋಪಿಸುತ್ತೇನೆ' ಅನ್ನುವ ತಲೆಬರಹ ಕೊಟ್ಟಿದ್ದು ಕ್ಲೆಮೆನ್ಸೊ. ಜೋಲಾ ಇಟ್ಟಿದ್ದ ಹೆಸರು ಬರೀ 'ಅಧ್ಯಕ್ಷರಿಗೆ ಪತ್ರ' ಅಂತ. ಆ ದಿನದ ಸಂಚಿಕೆ ಲಕ್ಷಗಟ್ಟಲೆ ಪ್ರತಿ ಖರ್ಚಾಯಿತು.

ಜೋಲಾ ಮೇಲೆ ಮೊಕದ್ದಮೆ ಹೂಡಿದರು. ಕ್ಲೆಮೆನ್ಸೊ ವಕೀಲರಲ್ಲ, ಆದರೂ ಪತ್ರಿಕೆಯ ಪರವಾಗಿ ಕೋರ್ಟಿನಲ್ಲಿ ನಿಂತು ಮಾತಾಡಿದರು. ಹೊರಗೆ ಜನ ಸಾಯಿಸಿ ಅಂತ ಕೂಗುತ್ತಿದ್ದರು. ಈ ಒಂದೇ ಪ್ರಕರಣದ ಬಗ್ಗೆ ಅವರು 600ಕ್ಕೂ ಹೆಚ್ಚು ಲೇಖನ ಬರೆದರು. ಒಂದೇ ವಿಷಯ, ಒಬ್ಬನೇ ಮನುಷ್ಯ, ಮತ್ತೆ ಮತ್ತೆ. ಓದುಗರಿಗೆ ಬೇಸರ ಆದೀತು ಅಂತ ನಿಲ್ಲಿಸಲಿಲ್ಲ. 1906ರ ಜುಲೈ 12ರಂದು ಡ್ರೇಫಸ್ ನಿರಪರಾಧಿ ಅಂತ ತೀರ್ಪು ಬಂತು. ಸತ್ಯ ಕಂಡುಹಿಡಿದು, ಅದಕ್ಕಾಗಿ ಜೈಲು ಸೇರಿದ್ದ ಪಿಕಾರ್ ಅನ್ನುವ ಅಧಿಕಾರಿಯನ್ನು ಕ್ಲೆಮೆನ್ಸೊ ಆ ವರ್ಷವೇ ತಮ್ಮ ಸರ್ಕಾರದಲ್ಲಿ ಯುದ್ಧಮಂತ್ರಿ ಮಾಡಿಕೊಂಡರು.

ನನ್ನನ್ನು ಕೇಳಿದರೆ, 1893ರಿಂದ 1902ರವರೆಗೆ ಯಾವ ಕುರ್ಚಿಯೂ ಇಲ್ಲದೆ ಬರೆದ ಆ 9 ವರ್ಷ ಅವರ ಬದುಕಿನ ದೊಡ್ಡ ಭಾಗ. ಪ್ರಧಾನಿಗಿರಿ ಅಲ್ಲ.

ಸೋತವರು ಮತ್ತೆ ಹೇಗೆ ಗೆದ್ದರು?

1902ರಲ್ಲಿ ದಕ್ಷಿಣದ ವಾರ್ ಪ್ರಾಂತದಿಂದ ಸೆನೆಟ್‌ಗೆ, ಅಂದರೆ ಸಂಸತ್ತಿನ ಮೇಲ್ಮನೆಗೆ, ಆರಿಸಿ ಬಂದರು. ಹುಟ್ಟಿದ ಸೀಮೆಯಲ್ಲ, ಬಾಳಿದ ಪ್ಯಾರಿಸ್ ಅಲ್ಲ. ಹಿಂದೆ ಸೆನೆಟ್ಟೇ ಬೇಡ, ಮುಚ್ಚಿ ಅಂತ ವಾದಿಸಿದ್ದವರು ಅದರೊಳಗೇ ಹೋಗಿ ಕೂತರು.

ಸೋತ ನಾಯಕರಿಗೆ ದೂರದ ಊರು ಬಾಗಿಲು ತೆರೆಯುವುದು ಚಿಕ್ಕಮಗಳೂರಿನವರಿಗೆ ಹೊಸದಲ್ಲ. 1977ರಲ್ಲಿ ರಾಯ್‌ಬರೇಲಿಯಲ್ಲಿ ಸೋತ ಇಂದಿರಾ ಗಾಂಧಿ 1978ರ ಉಪಚುನಾವಣೆಯಲ್ಲಿ ನಮ್ಮಲ್ಲಿಂದ ವೀರೇಂದ್ರ ಪಾಟೀಲರ ವಿರುದ್ಧ ಗೆದ್ದು ಲೋಕಸಭೆಗೆ ಹೋದರು. ಆ ಚುನಾವಣೆ ಕಂಡ ಹಿರಿಯರು ಇವತ್ತಿಗೂ ಅದರ ಬಗ್ಗೆ ಗಂಟೆಗಟ್ಟಲೆ ಮಾತಾಡುತ್ತಾರೆ. ಎರಡೂ ಕಥೆ ಒಂದೇ ಅಂತ ನಾನು ಹೇಳುವುದಿಲ್ಲ. ಇಂದಿರಾ ಮರಳಿದ್ದು ಒಂದೂವರೆ ವರ್ಷದಲ್ಲಿ, ಪಕ್ಷದ ಬಲದಿಂದ. ಕ್ಲೆಮೆನ್ಸೊ ಮರಳಿದ್ದು ವರ್ಷಗಟ್ಟಲೆ ಬರೆದು.

ಅಧಿಕಾರದಲ್ಲಿ ಹೇಗಿದ್ದರು?

ಕಠಿಣವಾಗಿದ್ದರು. ಕೆಲವು ಸಲ ಕ್ರೂರವಾಗಿ.

ಮೊದಲ ಸಲ ಮಂತ್ರಿಯಾದಾಗ ವಯಸ್ಸು 64. 1906ರ ಮಾರ್ಚ್, ಗೃಹಮಂತ್ರಿ. ಕೆಲವೇ ದಿನ ಮೊದಲು ಉತ್ತರ ಫ್ರಾನ್ಸಿನ ಕೂರಿಯೇರ್ ಕಲ್ಲಿದ್ದಲು ಗಣಿಯಲ್ಲಿ ಸ್ಫೋಟವಾಗಿ 1,099 ಜನ ಸತ್ತಿದ್ದರು. ಕೂಲಿಗಳು ಮುಷ್ಕರ ಹೂಡಿದರು. ಕ್ಲೆಮೆನ್ಸೊ ಕಾವಲಿಲ್ಲದೆ ಹೋಗಿ ಅವರ ಜೊತೆ ಮಾತಾಡಿದರು. ಆಮೇಲೆ ಸೈನ್ಯ ಕಳಿಸಿದರು. ಗಣಿ ಕೂಲಿಗಳ ಬಗ್ಗೆ ಅಷ್ಟು ಮನಮುಟ್ಟುವ ಹಾಗೆ ಬರೆದ ಕೈ ಅದೇ. ಅದೇ ವರ್ಷದ ಅಕ್ಟೋಬರಿನಲ್ಲಿ ಪ್ರಧಾನಿಯಾದರು. ಫ್ರಾನ್ಸಿಗೆ ಮೊದಲ ಕಾರ್ಮಿಕ ಇಲಾಖೆ ಕೊಟ್ಟವರೂ ಅವರೇ.

1907ರ ದ್ರಾಕ್ಷಿ ಬೆಳೆಗಾರರ ಹೋರಾಟವನ್ನು ಮಲೆನಾಡಿನವರು ಓದಲೇಬೇಕು. ದಕ್ಷಿಣದಲ್ಲಿ ವೈನ್ ಬೆಲೆ ಬಿದ್ದುಹೋಗಿತ್ತು. ಸಕ್ಕರೆ, ನೀರು ಬೆರೆಸಿದ ಕಲಬೆರಕೆ ವೈನ್ ಮಾರುಕಟ್ಟೆಯಲ್ಲಿ ತುಂಬಿತ್ತು. ವಿಯೆಟ್ನಾಂ ಕಾಳುಮೆಣಸು ತಂದು ನಮ್ಮ ಮೆಣಸಿನ ಜೊತೆ ಬೆರೆಸಿ ಮಾರುತ್ತಾರೆ ಅನ್ನುವ ದೂರು ನಮ್ಮ ಬೆಳೆಗಾರರ ಬಾಯಲ್ಲಿ ಎಷ್ಟು ಸಲ ಕೇಳಿಲ್ಲ! ಅಲ್ಲಿ ಲಕ್ಷಾಂತರ ಜನ ಬೀದಿಗೆ ಬಂದರು. ನಾರ್ಬೊನ್ ಊರಿನಲ್ಲಿ ಸೈನಿಕರು ಗುಂಡು ಹಾರಿಸಿ ಜನ ಸತ್ತರು. ಊರ ಹುಡುಗರೇ ಇದ್ದ ಒಂದು ರೆಜಿಮೆಂಟ್ ದಂಗೆ ಎದ್ದಿತು. ಹೋರಾಟದ ಮುಂದಾಳು ಮಾರ್ಸೆಲಾಂ ಆಲ್ಬೇರ್ ಪ್ರಧಾನಿಯನ್ನು ಕಾಣಲು ಪ್ಯಾರಿಸಿಗೆ ಬಂದರು. ಕ್ಲೆಮೆನ್ಸೊ ಅವರ ಜೊತೆ ಮಾತಾಡಿ, ವಾಪಸು ರೈಲಿಗೆ ಅಂತ 100 ಫ್ರಾಂಕ್ ಕೈಗಿಟ್ಟರು. ಆಮೇಲೆ ಅದನ್ನು ಪತ್ರಕರ್ತರಿಗೆ ಹೇಳಿಬಿಟ್ಟರು. ಸರ್ಕಾರದ ದುಡ್ಡು ತಿಂದ ಅಂತ ಊರಿನವರೇ ಆಲ್ಬೇರ್ ಅವರ ಮೇಲೆ ತಿರುಗಿಬಿದ್ದರು. ಪತ್ರಿಕೆ ಹೇಗೆ ಕೆಲಸ ಮಾಡುತ್ತದೆ ಅಂತ ತಿಳಿದ ಮನುಷ್ಯ ಆ ತಿಳಿವಳಿಕೆಯನ್ನು ಒಬ್ಬ ರೈತನ ವಿರುದ್ಧ ಬಳಸಿದ್ದು ನನಗೆ ಇವತ್ತಿಗೂ ನೋವು ಕೊಡುತ್ತದೆ. ಕಲಬೆರಕೆ ತಡೆಯುವ ಕಾನೂನು ಆ ಜೂನ್ ಕೊನೆಯಲ್ಲೇ ಬಂತು. ಬಂದದ್ದು ಆ ಜನರ ಹೋರಾಟದಿಂದ.

ಮಹಾಯುದ್ಧದ ಶುರುವಿನಲ್ಲಿ ಅವರ ಪತ್ರಿಕೆ ನಿಲ್ಲಿಸಿದ್ದು ಯಾಕೆ?

ಇದು ನನಗೆ ಎಲ್ಲಕ್ಕಿಂತ ಇಷ್ಟವಾದ ಪ್ರಶ್ನೆ. ಡಾಕ್ಟರ್, ಅಂಕಣಕಾರ, ರಾಜಕಾರಣಿ ಮೂವರೂ ಒಟ್ಟಿಗೆ ಸಿಗುವುದು ಇಲ್ಲೇ.

1913ರಲ್ಲಿ ಅವರು 'ಸ್ವತಂತ್ರ ಮನುಷ್ಯ' ಅನ್ನುವ ಅರ್ಥದ ಹೆಸರಿನ ಪತ್ರಿಕೆ ತೆಗೆದಿದ್ದರು. 1914ರ ಆಗಸ್ಟಿನಲ್ಲಿ ಯುದ್ಧ ಶುರುವಾಯಿತು. ಗಾಯಗೊಂಡ ಸಿಪಾಯಿಗಳು ಸಾವಿರಗಟ್ಟಲೆ. ಅವರನ್ನು ಸಾಗಿಸಲು ಸರಿಯಾದ ಆಸ್ಪತ್ರೆ ರೈಲು ಸಾಲದು. ಕುದುರೆ ಸಾಗಿಸಿದ ಬೋಗಿಗಳಲ್ಲೇ, ಲದ್ದಿಯ ಹುಲ್ಲಿನ ಮೇಲೇ ಮಲಗಿಸಿ ಕಳಿಸುತ್ತಿದ್ದರು. ಸಿಪಾಯಿಗಳಿಗೆ ಧನುರ್ವಾಯು ಬಂತು. ಸೆಪ್ಟೆಂಬರಿನಲ್ಲಿ ಕ್ಲೆಮೆನ್ಸೊ ಇದನ್ನು ಬರೆದರು.

ಧನುರ್ವಾಯುವಿನ ಕ್ರಿಮಿ ಮಣ್ಣಿನಲ್ಲಿ, ಕುದುರೆ ದನಗಳ ಲದ್ದಿ ಸಗಣಿಯಲ್ಲಿ ಇರುತ್ತದೆ. ಗಾಳಿ ಆಡದ ಆಳದ ಗಾಯ ಅದಕ್ಕೆ ಬೇಕಾದ ಜಾಗ. ಗಾಯವಾಗಿ ಸುಮಾರು ಒಂದು ವಾರದ ಮೇಲೆ ದವಡೆ ಬಿಗಿಯುತ್ತದೆ. ಆಮೇಲೆ ಬೆನ್ನು ಬಿಲ್ಲಿನ ಹಾಗೆ ಬಾಗುತ್ತದೆ. ಪ್ರಜ್ಞೆ ಮಾತ್ರ ಪೂರ್ತಿ ಇರುತ್ತದೆ. ಕಾಫಿ ತೋಟದಲ್ಲಿ ಕತ್ತಿ ತಗುಲಿದವರು, ಗೊಬ್ಬರದ ಗುಂಡಿ ಹತ್ತಿರ ಮುಳ್ಳು ಚುಚ್ಚಿಸಿಕೊಂಡವರು ಬಂದರೆ ನಾವು ಮೊದಲು ಟಿ.ಟಿ. ಇಂಜೆಕ್ಷನ್ ಬಗ್ಗೆ ಕೇಳುವುದು ಇದಕ್ಕೇ. 1914ರಲ್ಲೂ ಕಾರಣ ಗೊತ್ತಿತ್ತು. ಜಪಾನಿನ ವಿಜ್ಞಾನಿ ಕಿಟಸಾಟೊ ಆ ಕ್ರಿಮಿಯನ್ನು 1889ರಲ್ಲೇ ಬೇರ್ಪಡಿಸಿದ್ದರು. ಮರುವರ್ಷವೇ ವಿಷ ತಡೆಯುವ ಸೀರಮ್ ದಾರಿಯೂ ಸಿಕ್ಕಿತ್ತು. ಅಂದರೆ ಆ ಹುಡುಗರು ಸತ್ತದ್ದು ಗೊತ್ತಿಲ್ಲದ ಕಾಯಿಲೆಯಿಂದಲ್ಲ, ಬೋಗಿ ತೊಳೆಸದ ಉದಾಸೀನದಿಂದ. ಇದನ್ನು ಬರೆಯಲು ಡಾಕ್ಟರ್ ಕಣ್ಣು ಬೇಕು. ಯುದ್ಧದ ಮಧ್ಯೆ ಅಚ್ಚು ಹಾಕಿಸಲು ಪತ್ರಿಕೆ ಬೇಕು. ಸರ್ಕಾರದ ಎದುರು ನಿಲ್ಲಲು ರಾಜಕಾರಣಿಯ ಗಟ್ಟಿತನ ಬೇಕು.

ಸರ್ಕಾರ ಪತ್ರಿಕೆಯನ್ನು ಕೆಲ ದಿನ ನಿಲ್ಲಿಸಿತು. ಅವರು ಹೆಸರು ಬದಲಿಸಿ ಮತ್ತೆ ಹೊರಡಿಸಿದರು. ಹೊಸ ಹೆಸರು 'ಸಂಕೋಲೆ ತೊಟ್ಟ ಮನುಷ್ಯ'.

ಯುದ್ಧದ ಕಾಲದ ಪ್ರಧಾನಿಯಾಗಿ ಏನು ಮಾಡಿದರು?

ಈ ಭಾಗ ಎಲ್ಲ ಕಡೆ ಸಿಗುತ್ತದೆ, ಬೇಗ ಮುಗಿಸುತ್ತೇನೆ. 1917ರ ನವೆಂಬರಿನಲ್ಲಿ, 76ನೇ ವಯಸ್ಸಿನಲ್ಲಿ ಮತ್ತೆ ಪ್ರಧಾನಿಯಾದರು. ಒಳನಾಡಿನ ನೀತಿ ಏನು ಅಂದರೆ ಯುದ್ಧ, ಹೊರನಾಡಿನ ನೀತಿ ಏನು ಅಂದರೂ ಯುದ್ಧ ಅಂತ ಸಂಸತ್ತಿನಲ್ಲಿ ಹೇಳಿದರು. ಕಂದಕಗಳಿಗೆ ಹೋಗಿ ಸಿಪಾಯಿಗಳ ಜೊತೆ ನಿಂತರು. ಶಾಂತಿ ಮಾತುಕತೆ ಬೇಕು ಅಂದ ಮಾಜಿ ಪ್ರಧಾನಿಯೊಬ್ಬರನ್ನು ಜೈಲಿಗೂ ಹಾಕಿಸಿದರು. 1918ರ ನವೆಂಬರ್ 11ಕ್ಕೆ ಯುದ್ಧ ನಿಂತಿತು. 1919ರ ಫೆಬ್ರವರಿ 19ರಂದು ಕೊತ್ತಾಂ ಅನ್ನುವ ಯುವಕ ಅವರ ಮೇಲೆ ಗುಂಡು ಹಾರಿಸಿದ. ಒಂದು ಗುಂಡು ಸಾಯುವವರೆಗೂ ಮೈಯಲ್ಲೇ ಉಳಿಯಿತು. ಆತನಿಗೆ ಮರಣದಂಡನೆ ಆದಾಗ ಅದನ್ನು 10 ವರ್ಷದ ಸೆರೆಗೆ ಇಳಿಸಿ ಅಂತ ಹೇಳಿದ್ದೂ ಇವರೇ.

ವರ್ಸೇಲ್ಸ್ ಒಪ್ಪಂದದಲ್ಲಿ ಜರ್ಮನಿಯ ಮೇಲೆ ಭಾರ ಹೊರಿಸಿದರು ಅಂತ ಬೈಯುವವರು ಇದ್ದಾರೆ. ಫ್ರಾನ್ಸಿನಲ್ಲಿ ಸಾಕಷ್ಟು ಹೊರಿಸಲಿಲ್ಲ ಅಂತ ಬೈದವರೂ ಇದ್ದರು. ಆ ಒಪ್ಪಂದಕ್ಕೆ ಭಾರತದ ಹೆಸರಿನಲ್ಲಿ ಬಿಕನೇರ್ ಮಹಾರಾಜ ಗಂಗಾ ಸಿಂಗ್ ಸಹಿ ಹಾಕಿದರು.

ಭಾರತಕ್ಕೆ ಬಂದಿದ್ದರಾ?

ಹೌದು. 1920ರಲ್ಲಿ ಫ್ರಾನ್ಸಿನ ಅಧ್ಯಕ್ಷ ಹುದ್ದೆ ಕೈತಪ್ಪಿದ ಮೇಲೆ ರಾಜಕೀಯ ಬಿಟ್ಟು ಏಷ್ಯಾ ಪ್ರವಾಸ ಹೊರಟರು. ಸಿಂಹಳ, ಜಾವಾ, ಬರ್ಮಾ, ಭಾರತ ನೋಡಿದರು. ಹುಲಿ ಬೇಟೆಯನ್ನೂ ಆಡಿದರು. ಬೌದ್ಧ ಕಲೆ ಅಂದರೆ ಅವರಿಗೆ ಮೊದಲಿನಿಂದಲೂ ಪ್ರಾಣ.

ಕೊನೆಗಾಲದಲ್ಲಿ ವೈದ್ಯಕೀಯ ಪೂರ್ತಿ ಬಿಟ್ಟಿದ್ದರಾ?

ಪ್ರಾಕ್ಟೀಸ್ ಬಿಟ್ಟಿದ್ದರು. ಆದರೆ ಗೆಳೆಯ ಕ್ಲೋದ್ ಮೊನೆ ಅವರ ಕಥೆ ಕೇಳಿ. ಆ ದೊಡ್ಡ ಚಿತ್ರಕಾರರಿಗೆ ಎರಡೂ ಕಣ್ಣಿಗೆ ಪೊರೆ ಬಂದಿತ್ತು. ಬಣ್ಣಗಳೇ ಬೇರೆ ಕಾಣುತ್ತಿದ್ದವು. ಆಪರೇಷನ್ ಅಂದರೆ ಭಯ. ನಮ್ಮ ಕಡೆಯ ಕಣ್ಣಿನ ಕ್ಯಾಂಪುಗಳಲ್ಲಿ ಅಜ್ಜ ಅಜ್ಜಿಯರು ಹೇಳುವ ಮಾತೇ: ಇರೋದೂ ಹೋದರೆ? ಕ್ಲೆಮೆನ್ಸೊ ಬೆನ್ನು ಬಿಡದೆ ಹೇಳಿ ಹೇಳಿ ಒಪ್ಪಿಸಿದರು. 1923ರಲ್ಲಿ ಡಾಕ್ಟರ್ ಕೂತೆಲಾ ಬಲಗಣ್ಣಿನ ಪೊರೆ ತೆಗೆದರು. ಮೊನೆ ಮತ್ತೆ ಕುಂಚ ಹಿಡಿದರು. ಯುದ್ಧ ಮುಗಿದ ಮರುದಿನವೇ ದೇಶಕ್ಕೆ ಕೊಡುತ್ತೇನೆ ಅಂತ ಅವರು ಕ್ಲೆಮೆನ್ಸೊಗೆ ಪತ್ರ ಬರೆದದ್ದರಿಂದ ಶುರುವಾದ ನೈದಿಲೆ ಚಿತ್ರಗಳ ಕಾಣಿಕೆ, ಮೊನೆ ತೀರಿಕೊಂಡ ಮೇಲೆ, 1927ರಲ್ಲಿ ಪ್ಯಾರಿಸಿನ ಒರಾಂಜರಿ ಮ್ಯೂಸಿಯಮ್ಮಿನಲ್ಲಿ ಜನರ ಎದುರು ಬಂತು. ಕ್ಲೆಮೆನ್ಸೊ 1929ರ ನವೆಂಬರ್ 24ರಂದು ಹೋದರು. ವಾಂದೇಯಲ್ಲಿ ಅಪ್ಪನ ಪಕ್ಕದಲ್ಲೇ ಮಣ್ಣು ಮಾಡಿದರು.

ನಮ್ಮ ದೇಶದಲ್ಲಿ ಇಂಥವರು ಇದ್ದಾರಾ?

ಪಟ್ಟಾಭಿ ಸೀತಾರಾಮಯ್ಯ ಇದ್ದರು. ಮದ್ರಾಸಿನಲ್ಲಿ ವೈದ್ಯಕೀಯ ಓದಿ ಮಚಲಿಪಟ್ಟಣದಲ್ಲಿ ಪ್ರಾಕ್ಟೀಸ್ ಮಾಡಿದರು. 'ಜನ್ಮಭೂಮಿ' ಪತ್ರಿಕೆ ನಡೆಸಿದರು, 1923ರಲ್ಲಿ ಆಂಧ್ರ ಬ್ಯಾಂಕ್ ಕಟ್ಟಿದರು, 1948ರಲ್ಲಿ ಕಾಂಗ್ರೆಸ್ ಅಧ್ಯಕ್ಷರಾದರು. ನಮ್ಮ ಹುಬ್ಬಳ್ಳಿಯ ಡಾ. ನಾ. ಸು. ಹರ್ಡೀಕರ್ 1923ರಲ್ಲಿ ಸೇವಾದಳ ಕಟ್ಟಿದವರು. ಪಶ್ಚಿಮ ಬಂಗಾಳದ ಮುಖ್ಯಮಂತ್ರಿ ಆಗಿದ್ದ ಬಿ. ಸಿ. ರಾಯ್ ಅಂತೂ ಎಲ್ಲರಿಗೂ ಗೊತ್ತು, ಜುಲೈ 1ರ ವೈದ್ಯರ ದಿನ ಅವರ ನೆನಪಿಗೇ ಇರುವುದು.

ನಾನೂ ಡಾಕ್ಟರ್. ಪತ್ರಿಕೆಗೆ ಬರೆಯಬಹುದಾ? ಚುನಾವಣೆಗೆ ನಿಲ್ಲಬಹುದಾ?

ನಮ್ಮೂರಿಗೆ ಮೆಡಿಕಲ್ ಕಾಲೇಜು ಬಂದ ಮೇಲೆ ಈ ಪ್ರಶ್ನೆ ಜಾಸ್ತಿಯಾಗಿದೆ. ಬರೆಯಬಹುದು. 2002ರ ವೈದ್ಯ ನೀತಿ ನಿಯಮಗಳಲ್ಲೇ ಇದೆ: ಸಾರ್ವಜನಿಕ ಆರೋಗ್ಯ, ಶುಚಿತ್ವದಂಥ ವಿಷಯದಲ್ಲಿ ಡಾಕ್ಟರ್ ತನ್ನ ಹೆಸರು ಹಾಕಿಯೇ ಪತ್ರಿಕೆಗೆ ಬರೆಯಬಹುದು. ತನ್ನ ದವಾಖಾನೆಗೆ ರೋಗಿಗಳನ್ನು ಸೆಳೆಯುವ ಬರವಣಿಗೆ ಆಗಬಾರದು. ರೋಗಿಯ ಗುಟ್ಟು ಬಿಟ್ಟುಕೊಡಬಾರದು. ಇದು ಸಣ್ಣ ಊರಿನಲ್ಲಿ ಬಹಳ ಕಷ್ಟ. ಹೆಸರು ತೆಗೆದರೆ ಸಾಲದು. ಇಂಥ ಎಸ್ಟೇಟಿನ ಲೈನ್ ಮನೆಯ ಹೆಂಗಸು ಅಂತ ಬರೆದರೆ ಸಾಕು, ಸಂತೆ ದಿನ ಎಲ್ಲರಿಗೂ ಗೊತ್ತಾಗಿಬಿಡುತ್ತದೆ. ರೋಗಿಯ ಒಪ್ಪಿಗೆ ಇಲ್ಲದಿದ್ದರೆ ಬರೆಯಬೇಡಿ. ಕ್ಲೆಮೆನ್ಸೊ ಬೋಗಿಗಳ ಬಗ್ಗೆ ಬರೆದರು, ಸಿಪಾಯಿಗಳ ಹೆಸರು ಬೇಕಾಗಲಿಲ್ಲ. ನೀವೂ ಹಾಗೆ ಬೋಗಿಯನ್ನು ಹುಡುಕಿ: ಮುರಿದ ಆಂಬ್ಯುಲೆನ್ಸ್, ಖಾಲಿ ಔಷಧಿ ಕಪಾಟು, ಮಳೆಗಾಲದಲ್ಲಿ ಕೊಚ್ಚಿಹೋಗುವ ರಸ್ತೆ.

ಸರ್ಕಾರಿ ಡಾಕ್ಟರಿಗೆ ನಡತೆ ನಿಯಮಗಳು ಬೇರೆ ಇವೆ. ಸರ್ಕಾರದ ನೀತಿಯನ್ನು ಟೀಕಿಸಿ ಬರೆಯುವ ಹಾಗಿಲ್ಲ. ಚುನಾವಣೆಗೆ ನಿಲ್ಲಬೇಕಾದರೆ ಮೊದಲು ರಾಜೀನಾಮೆ ಕೊಡಬೇಕು, ಅದು ಅಂಗೀಕಾರವೂ ಆಗಿರಬೇಕು. ನಾಮಪತ್ರದ ಕೊನೆಯ ದಿನದವರೆಗೆ ಕಾಯಬೇಡಿ. ಖಾಸಗಿಯವರಿಗೆ ಈ ತೊಡಕು ಇಲ್ಲ. ಮತ ಕೇಳಲು ಹೋದಾಗ ಮಾತ್ರ ಸ್ಟೆತಾಸ್ಕೋಪ್ ಮನೆಯಲ್ಲಿ ಬಿಟ್ಟು ಹೋಗಿ. ಚಿಕಿತ್ಸೆ ಪಡೆದವರು ಋಣ ತೀರಿಸಲು ಮತ ಹಾಕಬೇಕು ಅನ್ನುವ ಭಾವನೆ ಅವರಿಗೂ ಬರಬಾರದು, ನಿಮಗೂ ಬರಬಾರದು.